ಸ್ನಾನದ ಹೊತ್ತು

ಮೆಡಿಕಲ್ ಅಕ್ಕ ಅಂಗಡಿಯ ಕೌಂಟರಿನ ಹಿಂದೆ ಕುಸಿದು ಕೂತದ್ದು ಒಂದು ಸೋಮವಾರ ಬೆಳಿಗ್ಗೆ, ಗಿರಾಕಿಗಳು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಚೀಟಿ ಚಾಚುತ್ತಿದ್ದ ಹೊತ್ತಿನಲ್ಲಿ. ಕೆಮ್ಮಿನ ಔಷಧಿಗೆಂದು ಕೆಳಗಿನ ಖಾನೆಗೆ ಬಗ್ಗಿದವಳು ಮೇಲೇಳಲಿಲ್ಲ. ಏನಾಯಿತೆಂದು ಅಂಗಡಿಯ ಯಜಮಾನರು ಇಣುಕಿ ನೋಡಿದರೆ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗೆ ಅವಚಿಕೊಂಡು ಅದರೊಳಗೆ ವಾಂತಿ ಮಾಡುತ್ತಿದ್ದಳು. ವಾಂತಿ ಕಾಫಿ ಚರಟದ ಬಣ್ಣಕ್ಕಿತ್ತು. ಜೀವಮಾನವೆಲ್ಲ ಔಷಧಿ ಮಾರಿದ ಯಜಮಾನರಿಗೆ ಅದು ಹೊಟ್ಟೆಯೊಳಗಿನ ರಕ್ತವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಟರ್ ಎಳೆದು, ಸಿಕ್ಕಿದ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಹೋದರು.

ಅವಳನ್ನು ಬೀದಿಯವರೆಲ್ಲ ಮೆಡಿಕಲ್ ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ನೋವಿಗೆ ಯಾವ ಮಾತ್ರೆ, ಊಟಕ್ಕೆ ಮೊದಲೋ ಆಮೇಲೋ, ಎಲ್ಲ ಅವಳ ನಾಲಗೆ ತುದಿಯಲ್ಲಿತ್ತು. ಊರವರಿಗೆಲ್ಲ ಖಾಲಿ ಹೊಟ್ಟೆಗೆ ತಗೋಬೇಡಿ ಎಂದು ಹೇಳಿ ಕಳಿಸುವವಳು ತಾನು ಮಾತ್ರ ಬೆಳಿಗ್ಗೆ ಟೀ ಜತೆ ಒಂದು, ಮಧ್ಯಾಹ್ನ ನಿಂತಲ್ಲೇ ಒಂದು, ಕಡಲೆಬೀಜ ಬಾಯಿಗೆ ಹಾಕಿಕೊಂಡ ಹಾಗೆ ನೋವಿನ ಮಾತ್ರೆ ನುಂಗುತ್ತಿದ್ದಳು. ನುಂಗದೆ ಗತಿಯಿರಲಿಲ್ಲ. ಸೊಂಟದಲ್ಲಿ ಹುಟ್ಟಿದ ನೋವು ಎಡತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೂ ಕಾದ ತಂತಿ ಎಳೆದ ಹಾಗೆ ಇಳಿಯುತ್ತಿತ್ತು.

ಅದು ಶುರುವಾದದ್ದು ಅತ್ತೆಗೆ ಲಕ್ವ ಹೊಡೆದ ಮೇಲೆ. ಅತ್ತೆಯ ಬಲಗೈ ಬಲಗಾಲು ಬಿದ್ದುಹೋದವು. ಮೈ ಅರ್ಧ ಹೋದರೂ ನಾಲಗೆ ಪೂರ್ತಿ ಉಳಿಯಿತು ಎಂದು ಅತ್ತೆ ತಾನೇ ತಮಾಷೆ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿ, ಕಂಕುಳಿಗೆ ಕೈಕೊಟ್ಟು ನಿಲ್ಲಿಸಿ, ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋಗಿ, ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುವುದು ಅಕ್ಕನ ಪಾಲಿಗೆ ಬಂತು. ಅತ್ತೆ ಗಟ್ಟಿಮುಟ್ಟಾದ ಹೆಂಗಸು. ಕಾಯಿಲೆ ಬಿದ್ದ ಮೇಲೂ ಇಳಿಯಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಹುಣ್ಣಿನ ಚಿತ್ರ ತೋರಿಸಿ, ಇನ್ನು ನೋವಿನ ಮಾತ್ರೆ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದು ಗದರಿದರು. ಬೆನ್ನಿನ ಚಿತ್ರವನ್ನೂ ನೋಡಿದರು. ಎರಡು ಮೂಳೆಗಳ ನಡುವಿನ ಮೆತ್ತೆ ಹೊರಗೆ ಜಾರಿ ನರವನ್ನು ಒತ್ತುತ್ತಿದೆ, ಕೊಯ್ಯುವ ಮಾತು ಈಗಲೇ ಬೇಡ, ಭಾರ ಎತ್ತುವುದು ಬಿಡಿ, ಈಜುಕೊಳಕ್ಕೆ ಹೋಗಿ ಎಂದರು. ನೀರಿನಲ್ಲಿ ಬೆನ್ನಿಗೆ ಮೈಯ ಭಾರ ಬೀಳುವುದಿಲ್ಲ. ಮೊದಲು ನಡೆಯಿರಿ, ಆಮೇಲೆ ಬೆನ್ನ ಮೇಲೆ ಈಜುವುದನ್ನು ಕಲಿಯಿರಿ. ಹೆಂಗಸರಿಗೆಂದೇ ಬೆಳಿಗ್ಗೆ ಒಂದು ಹೊತ್ತು ಬಿಟ್ಟಿದ್ದಾರೆ.

ಆಸ್ಪತ್ರೆಯಿಂದ ಬಿಟ್ಟು ಕಳಿಸಿದ ದಿನ ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಇದೇ ಮಾತು. ಮನೆಯೆಂದರೆ ಹಿಂದೆ ಮೂರು ಕೋಣೆ, ಮುಂದೆ ಗಂಡನ ವರ್ಕ್‌ಶಾಪು. ಸುಟ್ಟುಹೋದ ಪಂಪಿನ ಮೋಟಾರುಗಳನ್ನು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಶ್ ಬಳಿದು, ಓಡಿಸಿ ನೋಡುವುದು ಅವನ ಕಸುಬು. ಒಳ್ಳೆಯವನೇ. ಕುಡಿತವಿಲ್ಲ, ಕೈ ಮಾಡಿದವನಲ್ಲ. ತಾಯಿಯ ಮೇಲೆ ಪ್ರೀತಿಯೂ ಇತ್ತು. ಆದರೆ ಅವಳ ಕೋಣೆಯ ಬಾಗಿಲಲ್ಲೇ ನಿಂತು, ಊಟ ಆಯ್ತಾ ಅಮ್ಮ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಹಿಂದಿರುಗುತ್ತಿದ್ದ.

"ಡಾಕ್ಟರು ಏನಂದ್ರು?" ಎಂದು ಕೇಳಿದ.

"ಭಾರ ಎತ್ತಬಾರದಂತೆ. ಮಾತ್ರೆ ಮುಟ್ಟಬಾರದಂತೆ. ಈಜು ಕಲೀಬೇಕಂತೆ."

ಗಂಡ ತುತ್ತು ಕೈಯಲ್ಲಿ ಹಿಡಿದೇ ನಕ್ಕ. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಎತ್ತು ಏರಿಗೆಳೀತಂತೆ, ಕೋಣ ನೀರಿಗೆಳೀತಂತೆ. ನಮ್ಮನೆ ಕೋಣ ಯಾವುದು ಅಂತ ಇವತ್ತು ಗೊತ್ತಾಯ್ತು."

ಮಗಳಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು, ನಕ್ಕದ್ದಕ್ಕೆ ಸೊಂಟ ಹಿಡಿದುಕೊಂಡಿತು. ಆದರೆ ಹೆಂಗಸರ ಹೊತ್ತು ಯಾವುದೆಂದು ಹೇಳಿದ ಕೂಡಲೇ ಎಲ್ಲರ ನಗು ನಿಂತಿತು. ಅದೇ ಅತ್ತೆಯ ಸ್ನಾನದ ಹೊತ್ತು.

ಸ್ನಾನ ಸಂಜೆಗೆ ಇಟ್ಟುಕೊಂಡರಾಯಿತು ಎಂದು ಗಂಡ ಹೇಳಿದ. ಸಂಜೆಯಾದರೂ ಎತ್ತುವವಳು ಅಮ್ಮನೇ ಅಲ್ಲವೇ ಎಂದು ಮಗಳು ಕೇಳಿದಳು. ಮಗಳು ಲೆಕ್ಕಪತ್ರದ ಕೋರ್ಸು ಓದುತ್ತ, ಮಧ್ಯಾಹ್ನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದವಳು. ಮಾತಿಗೆ ಮಾತು ಎಣಿಸಿ ಕೊಡುವುದು ಅಜ್ಜಿಯಿಂದಲೇ ಬಂದ ಗುಣ. ಬೆಳಿಗ್ಗೆ ಅಜ್ಜಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು. ಮಗ ತಾಯಿಗೆ ಸ್ನಾನ ಮಾಡಿಸುವ ವಿಚಾರ ಅಲ್ಲಿದ್ದ ಯಾರ ಬಾಯಿಗೂ ಬರಲಿಲ್ಲ, ತಲೆಗೂ ಬಂದಂತಿರಲಿಲ್ಲ.

ಮೊದಲ ದಿನ ಈಜುಕೊಳದ ಮೆಟ್ಟಿಲ ಮೇಲೆ ಅಕ್ಕ ಬಹಳ ಹೊತ್ತು ಕೂತಿದ್ದಳು. ಮಗಳು ತಂದುಕೊಟ್ಟ ಉದ್ದ ತೋಳಿನ ಈಜುಬಟ್ಟೆ ಮೈಗೆ ಅಂಟಿ ಮುಜುಗರವಾಗುತ್ತಿತ್ತು. ಬ್ಲೀಚಿಂಗ್ ವಾಸನೆ, ಹಸಿರು ಟೈಲ್ಸು, ಎತ್ತರದ ಚಾವಣಿಗೆ ಬಡಿದು ವಾಪಸು ಬರುವ ಹೆಂಗಸರ ಮಾತು. ಈಜು ಕಲಿಸುವ ಟೀಚರ್ ಸೀಟಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡ ದಪ್ಪನೆಯ ಹೆಂಗಸು. ಅವರು ಕೈಹಿಡಿದು ಇಳಿಸಿದರು.

ನೀರು ಎದೆಮಟ್ಟ ಬಂದಾಗ ಅಕ್ಕ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಂಬಿ ಹಿಡಿದೇ ನಡೆಯಿರಿ, ಅವಸರ ಇಲ್ಲ ಎಂದರು ಟೀಚರ್. ನಡೆದಳು. ಗೋಡೆಯ ಆ ತುದಿ ಮುಟ್ಟಿ ತಿರುಗಿದಾಗ ಏನೋ ಕಳೆದುಹೋದ ಹಾಗೆನಿಸಿತು. ಎಡಗಾಲನ್ನು ಒಮ್ಮೆ ಎತ್ತಿದಳು, ಇಳಿಸಿದಳು. ಹಿಮ್ಮಡಿ ಊರಿದಳು. ನೋವಿರಲಿಲ್ಲ. ಎಲ್ಲಿ ಹೋಯಿತೆಂದು ಹುಡುಕುವವಳ ಹಾಗೆ ಮತ್ತೆ ಮತ್ತೆ ಕಾಲೆತ್ತಿ ಇಳಿಸಿದಳು. ಮೆಟ್ಟಿಲು ಹತ್ತಿ ಹೊರಗೆ ಬರುತ್ತಿದ್ದಂತೆ ಮೈ ಮತ್ತೆ ಭಾರವಾಗಿ, ನೋವು ಬಾಗಿಲಲ್ಲೇ ಕಾದಿದ್ದ ಹಾಗೆ ಸೊಂಟಕ್ಕೆ ಬಂದು ಕೂತಿತು. ಆದರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಸುಮ್ಮನೆ ಕೂತು ಅತ್ತಳು. ಪಕ್ಕದಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು, ಮೊದಲ ವಾರ ಎಲ್ಲರೂ ಅಳ್ತಾರೆ ಬಿಡಿ ಎಂದು ಹೇಳಿ ತನ್ನ ಬಾಚಣಿಗೆ ಕೊಟ್ಟಳು.

ಮನೆಯಲ್ಲಿ ಅಷ್ಟು ಹೊತ್ತಿಗೆ ರಣರಂಗ. ಮೊಮ್ಮಗಳ ಉಗುರು ಚುಚ್ಚುತ್ತದೆ ಎಂದು ಅತ್ತೆ, ಅಜ್ಜಿ ಬೇಕೆಂದೇ ಮೈ ಬಿಟ್ಟು ಕೂರುತ್ತಾಳೆ ಎಂದು ಮಗಳು. ಸೋಪು ಕಣ್ಣಿಗೆ ಹೋಯಿತು, ಬೆನ್ನು ಉಜ್ಜಲಿಲ್ಲ, ಗಂಜಿ ಆರಿಹೋಯಿತು. ಅಕ್ಕ ಒದ್ದೆ ತಲೆಯಲ್ಲಿ ಒಳಗೆ ಕಾಲಿಡುತ್ತಿದ್ದಂತೆ ಇಬ್ಬರೂ ಅವಳ ಹತ್ತಿರವೇ ದೂರು ಹೇಳುತ್ತಿದ್ದರು. ಗಂಡ ವರ್ಕ್‌ಶಾಪಿನಿಂದ, ಏನ್ರೇ ಅದು ಗಲಾಟೆ ಎಂದು ಕೂಗಿ ಮತ್ತೆ ತಂತಿ ಸುತ್ತುತ್ತಿದ್ದ. ಕೆಲಸಕ್ಕೆಂದು ಒಬ್ಬ ಹೆಂಗಸನ್ನು ಗೊತ್ತುಮಾಡಿ ನೋಡಿದರು. ಅತ್ತೆ ಅವಳ ಎದುರಿಗೆ ಬಟ್ಟೆ ಬಿಚ್ಚುವುದಿಲ್ಲವೆಂದು ಹಟ ಹಿಡಿದು, ಬೈದು, ವಾರ ತುಂಬುವ ಮೊದಲೇ ಓಡಿಸಿದಳು.

"ಯಾರ್ಯಾರದ್ದೋ ಕೈಲಿ ಮೈ ಮುಟ್ಟಿಸ್ಕೊಳ್ಳೋಕೆ ನಾನೇನು ಅಂಗಡಿ ಸಾಮಾನಾ?" ಎಂದಳು.

ಅಂತೂ ವಾರಗಳು ಉರುಳಿದವು. ಅಕ್ಕ ಹಲಗೆ ಹಿಡಿದು ಕಾಲು ಬಡಿಯುವುದನ್ನು ಕಲಿತಳು. ಆಮೇಲೆ ಬೆನ್ನ ಮೇಲೆ ತೇಲುವುದನ್ನು. ಟೀಚರ್ ತಲೆಯ ಕೆಳಗಿಟ್ಟಿದ್ದ ಕೈಯನ್ನು ಯಾವಾಗ ತೆಗೆದರೋ ಅವಳಿಗೆ ತಿಳಿಯಲೇ ಇಲ್ಲ. ಕಿವಿ ನೀರೊಳಗೆ ಮುಳುಗಿದಾಗ ಲೋಕದ ಸದ್ದೆಲ್ಲ ನಿಂತು, ಬರೀ ತನ್ನ ಉಸಿರು ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ಏನೂ ಕೇಳದ ಜಾಗ ಅದೊಂದೇ ಎಂದು ಅವಳು ಒಮ್ಮೆ ಮಗಳಿಗೆ ಹೇಳಿದಳು. ನಿಧಾನಕ್ಕೆ ನೋವು ಹಿಮ್ಮಡಿ ಬಿಟ್ಟು ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಏರಿತು. ಇದು ಒಳ್ಳೆಯ ಲಕ್ಷಣ ಎಂದರು ಡಾಕ್ಟರಮ್ಮ. ನಿದ್ದೆ ಬರತೊಡಗಿತು. ಅಂಗಡಿಯಲ್ಲಿ ಸ್ಟೂಲಿಲ್ಲದೆ ಮಧ್ಯಾಹ್ನದವರೆಗೆ ನಿಂತಳು. ಯಜಮಾನರು ನೋವಿನ ಮಾತ್ರೆಗಳ ಖಾನೆಯ ಕಡೆ ಆಗಾಗ ಕಣ್ಣಾಡಿಸಿ, ಎಲ್ಲ ಇದ್ದಲ್ಲೇ ಇರುವುದನ್ನು ಕಂಡು ಸಮಾಧಾನಪಡುತ್ತಿದ್ದರು.

ಆದರೆ ಅವಳು ಚೇತರಿಸಿಕೊಂಡದ್ದನ್ನು ಮನೆಯವರು ಬೇರೆ ರೀತಿ ಅರ್ಥ ಮಾಡಿಕೊಂಡರು. ಗಂಡ ಒಂದು ದಿನ, ಈಗ ಬೆನ್ನು ಸರಿಹೋಯಿತಲ್ಲ, ಇನ್ನೂ ಎಷ್ಟು ದಿನ ಹೋಗಬೇಕು ಎಂದು ಕೇಳಿದ. ಸರಿಹೋದದ್ದು ಹೋಗುತ್ತಿರುವುದರಿಂದ ಎಂದಳು ಅವಳು. ನಾದಿನಿ ಊರಿನ ಆ ತುದಿಯಲ್ಲಿದ್ದಳು. ತಾಯಿಯನ್ನು ಫೋನಿನಲ್ಲಿಯೇ ಸಾಕುತ್ತಿದ್ದವಳು. ಅವಳು ಒಂದು ಸಂಜೆ ಫೋನು ಮಾಡಿ ಸಕ್ಕರೆಯಂಥ ದನಿಯಲ್ಲಿ ಕೇಳಿದಳು.

"ಅತ್ತಿಗೆ, ನೀರಲ್ಲಿ ಆಡೋಕೆ ಆಗುತ್ತೆ, ಅಮ್ಮನ್ನ ಎತ್ತೋಕೆ ಆಗಲ್ವಾ?"

ಅಕ್ಕ, ನೀರಲ್ಲಿ ಯಾರನ್ನಾದರೂ ಎತ್ತಬಹುದು, ನಿಮ್ಮಮ್ಮನನ್ನು ಅಲ್ಲಿಗೇ ಕರಕೊಂಡು ಹೋಗಿ ಬಿಡಲೇ ಎಂದು ಕೇಳಿದಳು. ನಾದಿನಿ ಫೋನಿಟ್ಟಳು. ಅತ್ತೆ ಮಲಗಿದಲ್ಲಿಂದಲೇ ಇದನ್ನು ಕೇಳಿಸಿಕೊಂಡು ಕಿಸಕ್ಕನೆ ನಕ್ಕದ್ದು ಮನೆಗೆಲ್ಲ ಕೇಳಿಸಿತು.

ಹೀಗೆ ಎಳೆದಾಡುತ್ತ ನಡೆದಿದ್ದ ಸಂಸಾರ ಒಂದು ಬೆಳಿಗ್ಗೆ ಹಳಿ ತಪ್ಪಿತು. ಅಂದು ಮಗಳಿಗೆ ಪರೀಕ್ಷೆ, ಬೇಗ ಹೊರಡಬೇಕಿತ್ತು. ಅಕ್ಕ ಈಜು ಬಿಟ್ಟು ಮನೆಯಲ್ಲೇ ಉಳಿಯಲು ಹೊರಟಾಗ ಗಂಡ, ನಾನಿದ್ದೀನಿ, ನೀವಿಬ್ಬರೂ ಹೋಗಿ, ನೀನು ಬಂದ ಮೇಲೆ ಸ್ನಾನ ಮಾಡಿಸಿದರಾಯಿತು ಎಂದ. ಅವನ ಬಾಯಿಂದ ಅಂಥ ಮಾತು ಅಪರೂಪವಾಗಿದ್ದರಿಂದ ಅವಳಿಗೆ ಹಿತವೆನಿಸಿತು. ಹೋದಳು. ಆ ದಿನ ಮೊದಲ ಸಲ ಕೊಳದ ಈ ಬದಿಯಿಂದ ಆ ಬದಿಗೆ ಎಲ್ಲೂ ಕಾಲೂರದೆ ಬೆನ್ನ ಮೇಲೆ ಈಜಿದಳು. ಬದಿಯಲ್ಲಿ ಕೂತ ಹೆಂಗಸರು ಚಪ್ಪಾಳೆ ತಟ್ಟಿದರು.

ಅವಳು ಹಿಂದಿರುಗಿದಾಗ ಮನೆಯ ಮುಂದೆ ಪಕ್ಕದವರು ನಿಂತಿದ್ದರು. ಒಳಗೆ, ಬಚ್ಚಲಿನ ಹೊಸ್ತಿಲ ಹತ್ತಿರ ಅತ್ತೆ ಬಿದ್ದಿದ್ದಳು. ಯಾರೋ ಮೈಮೇಲೆ ಹೊದಿಕೆ ಹಾಕಿದ್ದರು. ಹಾಸಿಗೆ ಒದ್ದೆಯಾಗಿ, ಹಾಗೇ ಮಲಗಿರಲಾರದೆ, ಗೋಡೆ ಹಿಡಿದು ಒಬ್ಬಳೇ ಹೊರಟಿದ್ದಳಂತೆ. ಎಡಗೈಯ ಮಣಿಕಟ್ಟು ಊದಿಕೊಂಡು ವಕ್ರವಾಗಿತ್ತು. ಇದ್ದ ಒಂದು ಒಳ್ಳೆಯ ಕೈ ಅದೇ.

ಎಲ್ಲರೂ ಅಕ್ಕನ ಒದ್ದೆ ಕೂದಲನ್ನು ನೋಡಿದರು. ಗಂಡ ತಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ತಲೆಯೆತ್ತಿದ.

"ಬಂದ್ಯಾ, ಸ್ನಾನ ಮಾಡ್ಕೊಂಡು?" ಎಂದ.

ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಅಕ್ಕ ಚೀಲ ಕೆಳಗಿಟ್ಟು, ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ವರ್ಕ್‌ಶಾಪಿನಲ್ಲಿ ಮೋಟಾರು ಓಡಿಸಿ ನೋಡುತ್ತಿದ್ದೆ, ಆ ಸದ್ದಿನಲ್ಲಿ ಅಮ್ಮ ಕೂಗಿದ್ದು ಕೇಳಿಸಲಿಲ್ಲ ಎಂದು ಅವನು ನೆರೆಯವರಿಗೆ ಹೇಳುತ್ತಿದ್ದ. ಆಸ್ಪತ್ರೆಯಲ್ಲೂ ಹೇಳಿದ, ತಂಗಿಗೂ ಹೇಳಿದ. ಅತ್ತೆ ಕಣ್ಣು ಮುಚ್ಚಿಕೊಂಡು ನರಳುತ್ತಿದ್ದಳು; ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ನಾದಿನಿ ಬಂದು ಒಂದು ದಿನ ಇದ್ದಳು. ತಾಯಿಯ ಪ್ಲಾಸ್ಟರಿನ ಕೈ ಸವರುತ್ತ, ಕೆಲವರಿಗೆ ತಮ್ಮ ಮೈಯೇ ದೊಡ್ಡದು ಎಂದು ಗೋಡೆಗೆ ಹೇಳಿದಳು. ಮರುದಿನ ಮಕ್ಕಳ ಪರೀಕ್ಷೆಯೆಂದು ಹೊರಟುಹೋದಳು. ಅಕ್ಕ ಈಜುಬಟ್ಟೆಯನ್ನು ಒಣಗಿಸಿ, ಮಡಿಚಿ, ಬೀರುವಿನ ಮೇಲೆತ್ತಿಟ್ಟಳು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಮಗಳು ಮಾತ್ರ, ಅಪ್ಪ ಇದ್ದೀನಿ ಅಂದಿದ್ದು ನೀನೂ ಕೇಳಿದೆ ತಾನೆ ಎಂದು ಗೊಣಗಿದಳು. ಮೋಟಾರಿನ ಸದ್ದಿನಲ್ಲಿ ಅವರಿಗೆ ಕೇಳಿಸಿಲ್ಲ, ಬಿಡು ಎಂದಳು ಅಕ್ಕ. ಅವಳು ಅದನ್ನು ನಂಬಿದ್ದಳು. ತಾನು ಆ ಹೊತ್ತಿಗೆ ಚಪ್ಪಾಳೆಗೆ ನಗುತ್ತಿದ್ದೆ ಎಂಬುದೇ ಅವಳಿಗೆ ಸುಡುತ್ತಿತ್ತು.

ಈಗ ಅತ್ತೆಗೆ ಎರಡೂ ಕೈ ಇಲ್ಲ. ಎಬ್ಬಿಸುವಾಗ ಅವಳು ಮೊದಲಿನಂತೆ ಮಂಚದ ಕಟ್ಟು ಹಿಡಿಯಲಾರಳು. ಪೂರ್ತಿ ಭಾರ ಅಕ್ಕನ ಮೇಲೆ. ತಿನ್ನಿಸಬೇಕು, ಕುಡಿಸಬೇಕು, ಮೂಗು ತುರಿಸಿದರೆ ಅದಕ್ಕೂ ಕರೆಯಬೇಕು. ಅತ್ತೆ ಬೈಯುವುದನ್ನು ನಿಲ್ಲಿಸಿದ್ದಳು. ಕೊಟ್ಟದ್ದನ್ನು ತಿಂದು, ಎತ್ತಿದಾಗ ಎದ್ದು, ಕೂರಿಸಿದಲ್ಲಿ ಕೂರುತ್ತಿದ್ದಳು. ಅಜ್ಜಿಗೆ ಮಂಕು ಕವಿದಿದೆ ಎಂದಳು ಮಗಳು. ಗಂಡನಿಗೆ ಮಾತ್ರ ಮನೆ ದಾರಿಗೆ ಬಂದಂತೆ ಕಂಡಿತು. ಹೊತ್ತಿಗೆ ಸರಿಯಾಗಿ ಟೀ ಬರುತ್ತಿತ್ತು, ಗಲಾಟೆಯಿಲ್ಲ. ಒಮ್ಮೆ ಊಟದಲ್ಲಿ, ನೋಡು, ಎಲ್ಲ ಹೊಂದಿಕೊಂಡು ಹೋದರೆ ಎಷ್ಟು ಚೆನ್ನ ಎಂದೂ ಅಂದ.

ನೋವು ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿಂದ ಹಿಮ್ಮಡಿಗೆ, ಬಂದ ದಾರಿಯಲ್ಲೇ ವಾಪಸು ಇಳಿಯಿತು. ಅಕ್ಕ ತಡೆದಳು, ತಡೆದಳು, ಕೊನೆಗೆ ಒಂದು ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ಆ ಖಾನೆಗೆ ಕೈ ಹಾಕಿದಳು.

ಮಾತ್ರೆಯ ಖಾಲಿ ಸ್ಟ್ರಿಪ್ಪು ಕಸದ ಬುಟ್ಟಿಯಲ್ಲಿ ಮಗಳ ಕಣ್ಣಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಬಂದು ಊಟದ ನಡುವೆ ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಡಾಕ್ಟರು ಏನು ಹೇಳಿದ್ದರೆಂದು ನೆನಪಿದೆಯೇ ಎಂದು ಕೇಳಿದಳು. ಗಂಡ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದ. ನಾನು ಮೋಟಾರು ಬಿಟ್ಟು ಬೀದಿಗೆ ಬೀಳಲೇ, ನಾನೇನು ಮಾಡಬೇಕೆಂದು ಇಬ್ಬರೂ ಹೇಳಿಬಿಡಿ ಎಂದ. ದನಿ ಏರಿತ್ತು. ಮಗಳದ್ದೂ ಏರಿತು. ಹೆತ್ತವಳನ್ನು ಮುಟ್ಟಲು ನಾಚಿಕೆಯಾಗುತ್ತದೆ, ಹೆಂಡತಿಯನ್ನು ಕೊಲ್ಲಲು ನಾಚಿಕೆಯಾಗುವುದಿಲ್ಲವೇ ಎಂದಳು. ಅಕ್ಕ ಅವಳ ಕೈ ಹಿಡಿದು ಕೂರಿಸಿದಳು. ಒಳಗಿನ ಕೋಣೆಯಲ್ಲಿ ಅತ್ತೆ ಎಚ್ಚರವಾಗಿಯೇ ಇದ್ದಳು.

ಎರಡು ದಿನ ಬಿಟ್ಟು, ಬೆಳಗಿನ ಸ್ನಾನ ಮುಗಿಸಿ ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸುವಾಗ ಅಕ್ಕನ ಎಡಗಾಲು ತನ್ನದೇ ಅಲ್ಲವೇನೋ ಎಂಬಂತೆ ಮಡಿಚಿಹೋಯಿತು. ಬೀಳುವಾಗ ಅವಳು ಅತ್ತೆಯ ಕೆಳಗಾದಳು. ಇಬ್ಬರೂ ಗೋಡೆಗುಂಟ ಜಾರಿ, ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಪೆಟ್ಟಾಗಲಿಲ್ಲ. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಅಕ್ಕ ಏಳಲು ನೋಡಿದಳು, ಆಗಲಿಲ್ಲ. ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ಕೈಗೆ ಸಿಕ್ಕ ಟವೆಲ್ಲನ್ನು ಎಳೆದು ಅತ್ತೆಯ ಮೈಗೆ ಸುತ್ತಿದಳು. ಚಳಿಗೆ ಅತ್ತೆಯ ಹಲ್ಲು ಕಟಕಟ ಅನ್ನುತ್ತಿತ್ತು.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು.

"ಅವತ್ತು ನಾನು ಕರೆದಾಗ ಮೋಟಾರು ಓಡ್ತಿರ್ಲಿಲ್ಲ" ಎಂದಳು.

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ.

"ಹಾಸಿಗೆ ಒದ್ದೆ ಆಗಿತ್ತು. ಅವನನ್ನ ಕರೆದೆ. ಹೆಸರು ಹಿಡಿದು ಕರೆದೆ. ಮನೆ ಗಪ್‌ಚಿಪ್ ಇತ್ತು, ಅವನು ಸ್ಟೂಲು ಸರಿಸಿದ್ದು ಕೇಳಿಸ್ತು. ಮತ್ತೆ ಕರೆದೆ. ಆಮೇಲೆ ಮೋಟಾರು ಓಡ್ತು." ಅತ್ತೆ ಉಸಿರು ತೆಗೆದುಕೊಂಡಳು. "ಇನ್ನು ಯಾರನ್ನ ಕರೀಲಿ ಅಂತ ನಾನೇ ಎದ್ದೆ."

ನೀರು ಇಬ್ಬರ ಕಾಲಡಿಯಿಂದ ಹರಿದು ಹೋಗುತ್ತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳಿದಳು.

"ಮಗ ಅಲ್ವೇನೇ. ನಿನ್ನ ಬೆನ್ನಿಗಿಂತ ಅವನ ಮರ್ಯಾದೆ ದೊಡ್ಡದು ಅನ್ನಿಸ್ತು." ಪ್ಲಾಸ್ಟರಿನ ಕೈಯನ್ನು ಎತ್ತಿ ಅಕ್ಕನ ಮೊಣಕಾಲ ಮೇಲಿಟ್ಟಳು. ಕೈ ಭಾರವಾಗಿತ್ತು. "ಅನ್ನಿಸ್ತು, ಸುಮ್ಮನಿದ್ದೆ. ನೀನು ಸತ್ರೆ ನನ್ನನ್ನ ಯಾರು ನೋಡ್ತಾರೆ ಅಂತ ಮೊನ್ನೆಯಿಂದ ಹೆದರಿಕೆ ಆಗ್ತಿದೆ. ಅದಕ್ಕೇ ಹೇಳ್ತಿದೀನಿ. ನಿನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೋಬೇಡ."

ಅಕ್ಕ ಕೈಚಾಚಿ ನಲ್ಲಿ ನಿಲ್ಲಿಸಿದಳು.

ಆಗ ಅತ್ತೆ ಮಗನ ಹೆಸರು ಹಿಡಿದು ಕರೆದಳು. ವರ್ಕ್‌ಶಾಪಿನಲ್ಲಿ ಸದ್ದಿರಲಿಲ್ಲ. ಮತ್ತೆ ಕರೆದಳು, ಈ ಸಲ ಬೀದಿಗೆ ಕೇಳಿಸುವ ಹಾಗೆ. ಚಪ್ಪಲಿಯ ಸದ್ದು ಬಂತು, ಬಾಗಿಲ ಹೊರಗೆ ನಿಂತಿತು. ಏನಮ್ಮ ಎಂದು ಕೇಳಿದ. ಒಳಗೆ ಬಾ ಎಂದಳು. ಅವನು ಬಾಗಿಲು ತಳ್ಳಿ, ಇಬ್ಬರೂ ನೆಲದ ಮೇಲಿರುವುದನ್ನು ಕಂಡು, ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದ.

"ಗೋಡೆ ನೋಡ್ಕೊಂಡು ಎತ್ತೋಕಾಗುತ್ತೇನೋ? ನಿನ್ನನ್ನ ಎಷ್ಟು ವರ್ಷ ತೊಳೆದಿದೀನಿ ನಾನು. ಈ ಕಡೆ ತಿರುಗು."

ಅವನು ತಿರುಗಿದ. ಎತ್ತುವುದು ಹೇಗೆಂದು ಗೊತ್ತಿರಲಿಲ್ಲ. ತೋಳು ಹಿಡಿದು ಎಳೆಯಲು ಹೋದ. ಕಂಕುಳಿನಿಂದ ಹಿಡೀರಿ, ನಿಮ್ಮ ಮಂಡಿ ಮಡಿಚಿ ಎಂದು ಅಕ್ಕ ನೆಲದಿಂದಲೇ ಹೇಳಿದಳು. ಎತ್ತಿ ಕುರ್ಚಿಗೆ ಕೂರಿಸುವಷ್ಟರಲ್ಲಿ ಅವನು ಏದುಸಿರು ಬಿಡುತ್ತಿದ್ದ. ಇಷ್ಟು ಭಾರ ಇದ್ದಾಳೆಯೇ ಎಂದು ತನಗೆ ತಾನೇ ಎಂಬಂತೆ ಕೇಳಿದ. ಟವೆಲ್ ಜಾರಿದಾಗ ಅತ್ತೆ ಕಣ್ಣು ಮುಚ್ಚಿಕೊಂಡಳು. ಮಾತಿನಲ್ಲಿ ಅಷ್ಟು ಗಟ್ಟಿಯಾಗಿದ್ದವಳ ಕೆನ್ನೆ ಮೇಲೆ ನೀರಿಳಿಯಿತು.

ಮಧ್ಯಾಹ್ನ, ಕಾಲಿಗೆ ಸ್ವಲ್ಪ ಜೀವ ಬಂದ ಮೇಲೆ, ಅಕ್ಕ ಗೋಡೆ ಹಿಡಿದುಕೊಂಡು ವರ್ಕ್‌ಶಾಪಿಗೆ ಹೋದಳು. ಅವನು ಮೋಟಾರಿನ ಹೊಟ್ಟೆಯೊಳಗೆ ತಂತಿ ಕೂರಿಸುತ್ತಿದ್ದ.

"ಕೇಳಿಸಿತ್ತಾ?" ಎಂದಳು.

ಅವನ ಬೆರಳು ನಿಂತವು. ಹೂಂ ಎಂದ. ನೀನು ಬರುವ ಹೊತ್ತಾಗಿತ್ತು, ಇನ್ನೇನು ಬಂದುಬಿಡುತ್ತಾಳೆ ಅಂದುಕೊಂಡೆ ಎಂದ. ಅಮ್ಮ ಯಾವ ಸ್ಥಿತಿಯಲ್ಲಿದ್ದಾಳೋ, ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ, ಹೇಗೆ ಒಳಗೆ ಹೋಗಲಿ ಎಂದು ಕಾಲೇ ಬರಲಿಲ್ಲ. ಕೂಗು ಕೇಳುತ್ತಿದ್ದರೆ ತಡೆಯಲಾಗುತ್ತಿರಲಿಲ್ಲ, ಅದಕ್ಕೆ ಸ್ವಿಚ್ ಒತ್ತಿದೆ. ಹೇಳುತ್ತ ಅವನ ಕಣ್ಣು ತುಂಬಿದವು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಕ್ಕನಿಗೆ ಅದೂ ಗೊತ್ತಾಯಿತು.

"ಇಷ್ಟು ದಿನ ನನ್ನ ಒದ್ದೆ ಕೂದಲು ನೋಡ್ದೋರೆಲ್ಲ ಏನಂದ್ಕೊಂಡ್ರು ಅಂತ ಗೊತ್ತಿತ್ತಲ್ವಾ ನಿಮಗೆ" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಒಳಗೆ ಹೋದಳು. ಆ ದಿನ ಅವಳು ಅಡುಗೆ ಮಾಡಲಿಲ್ಲ. ಮಗಳು ಬಂದು ಬ್ರೆಡ್ಡು, ಮೊಟ್ಟೆ ಬೇಯಿಸಿದಳು.

ಡಾಕ್ಟರಮ್ಮ ಈ ಸಲ ಗದರಲಿಲ್ಲ. ಪಾದಕ್ಕೆ ಸ್ಪರ್ಶ ಬರದಿದ್ದರೆ ಬೆನ್ನು ಕೊಯ್ಯಲೇಬೇಕಾಗುತ್ತದೆ ಎಂದರು. ಕೆಲವು ವಾರ ಮಲಗಿದಲ್ಲೇ ಮಲಗಿಸಿದರು. ಅಷ್ಟು ದಿನ ಮನೆ ಕುಂಟಿಕೊಂಡು ನಡೆಯಿತು. ಗಂಡ ಬೆಳಿಗ್ಗೆ ತಾಯಿಯನ್ನು ಎತ್ತಿದ. ಮೊದಮೊದಲು ಮೈಗೆ ಬಟ್ಟೆ ಸುತ್ತಿಟ್ಟೇ ಮೇಲಿಂದ ನೀರು ಹೊಯ್ಯುತ್ತಿದ್ದ. ಇದು ಸ್ನಾನವೋ ಗಿಡಕ್ಕೆ ನೀರು ಹಾಕುವುದೋ ಎಂದು ಅತ್ತೆ ಬೈದಳು. ಒಂದೆರಡು ಸಲ ತಾಯಿ ಮಗ ಇಬ್ಬರೂ ಅಳುತ್ತಲೇ ಹೊರಗೆ ಬಂದರು. ನಾದಿನಿಗೆ ವಿಷಯ ಮುಟ್ಟಿತು. ಅವಳು ಫೋನು ಮಾಡಿ, ಅಣ್ಣನ ಕೈಲಿ ಇಂಥದ್ದೆಲ್ಲ ಮಾಡಿಸುತ್ತೀರಾ ಎಂದಾಗ ಅತ್ತೆಯೇ ಫೋನನ್ನು ಕಿವಿಗೆ ಹಿಡಿಸಿಕೊಂಡು, ಹಾಗಾದರೆ ನೀನು ಬಾ ಎಂದಳು. ಅವಳು ಬರಲಿಲ್ಲ.

ಪಾದಕ್ಕೆ ಸ್ಪರ್ಶ ಬಂತು, ಹೆಬ್ಬೆರಳೊಂದು ಬಿಟ್ಟು. ನಡೆಯಬಹುದು ಎಂದಾದ ದಿನವೇ ಅಕ್ಕ ಬೀರುವಿನ ಮೇಲಿಂದ ಈಜುಬಟ್ಟೆ ಇಳಿಸಿದಳು. ಕೊಳದಲ್ಲಿ ಮತ್ತೆ ಕಂಬಿ ಹಿಡಿದು ನಡೆಯುವುದರಿಂದಲೇ ಶುರು ಮಾಡಬೇಕಾಯಿತು. ನೋವು ಪೂರ್ತಿ ಹೋಗುವುದಿಲ್ಲವೆಂದು ಅವಳಿಗೆ ಈಗ ಗೊತ್ತಿತ್ತು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಬೇಕಾದಷ್ಟೇ ಮಾತಾಡಿಕೊಂಡಿದ್ದರು. ಟೀ ಬೇಕೇ, ಬೀಗ ಹಾಕಿದಿರಾ, ಮೋಟಾರಿನವನು ಬಂದಿದ್ದ. ಅವನು ಕೆಲವೊಮ್ಮೆ ಅವಳ ಮುಖ ನೋಡಿ ಮಾತು ಬೆಳೆಸಲು ಬಾಯಿ ತೆರೆಯುತ್ತಿದ್ದ. ಅವಳು ಕೆಲಸಕ್ಕೆ ಎದ್ದುಹೋಗುತ್ತಿದ್ದಳು. ಕ್ಷಮಿಸಿದ್ದಾಳೋ ಇಲ್ಲವೋ ಎಂದು ಮಗಳು ಒಮ್ಮೆ ನೇರವಾಗಿಯೇ ಕೇಳಿದಳು. ಅದು ತನಗೇ ಇನ್ನೂ ತಿಳಿದಿಲ್ಲ ಎಂದಳು ಅಕ್ಕ.

ಒಂದು ಬೆಳಿಗ್ಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಗಂಡ ಪ್ಯಾಂಟು ಮೊಣಕಾಲಿಗೆ ಮಡಿಚಿ, ಬಕೆಟ್ಟಿನಲ್ಲಿ ಬೆರಳದ್ದಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು, ಬೆನ್ನು ಈ ಕಡೆಗೆ.

"ನೀರು ಎಷ್ಟು ಬಿಸಿ ಇರಬೇಕು?" ಎಂದು ಅವನು ಅಕ್ಕನನ್ನು ಕೇಳಿದ.

ಅವಳು ಚಪ್ಪಲಿ ಮೆಟ್ಟಿಕೊಂಡಳು.

"ನನ್ನನ್ನ ಯಾಕೆ ಕೇಳ್ತೀರಿ? ಸ್ನಾನ ಮಾಡೋರು ಒಳಗೆ ಕೂತಿದಾರೆ. ಅವರನ್ನೇ ಕೇಳಿ."

ಗೇಟು ಮುಚ್ಚುವಾಗ ಒಳಗಿಂದ ಗಂಡಸಿನ ದನಿ ಏನೋ ಕೇಳಿತು, ಹೆಂಗಸಿನ ದನಿ ಏನೋ ಉತ್ತರ ಕೊಟ್ಟಿತು. ಮಾತು ಸ್ಪಷ್ಟವಾಗಲಿಲ್ಲ. ಅವಳು ನಿಂತು ಕೇಳಿಸಿಕೊಳ್ಳಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಎಡಗಾಲನ್ನು ನೋಡಿ ನೋಡಿ ಊರುತ್ತ, ಈಜುಕೊಳದ ಕಡೆ ನಡೆದಳು.